ಕುತ್ತಿಗೆಯಿಂದ ಕೆಳಗೆ

ಒಂದು ಭಾವಚಿತ್ರಕ್ಕೆ ಆರು ದಿನ ಹಿಡಿಯುತ್ತಿತ್ತು. ಅದರಲ್ಲಿ ಗಿರಾಕಿ ಬಂದು ಕೂರುವುದು ಒಂದೇ ದಿನ, ಅದೂ ಮುಖ ಬರೆಸಿಕೊಳ್ಳುವಷ್ಟು ಹೊತ್ತು. ಉಳಿದ ಐದು ದಿನ ಗಿರಾಕಿಯ ಬಟ್ಟೆ ತೊಟ್ಟು, ಗಿರಾಕಿಯ ಒಡವೆ ಹಾಕಿಕೊಂಡು, ಅದೇ ಕುರ್ಚಿಯಲ್ಲಿ ಚಿತ್ರಗಾರನ ಹೆಂಡತಿ ಕೂರುತ್ತಿದ್ದಳು. ಕುತ್ತಿಗೆಯಿಂದ ಮೇಲೆ ಗಿರಾಕಿ, ಕೆಳಗೆ ಇವಳು. ನಲವತ್ತೊಂದು ವರ್ಷದಲ್ಲಿ ಮುನ್ನೂರು ಚಿತ್ರ; ಅಂದರೆ ಆಕೆ ಬೇರೆಯವರಾಗಿ ಕೂತದ್ದೇ ನಾಲ್ಕು ವರ್ಷಕ್ಕೂ ಮೇಲೆ. ಒಮ್ಮೆ ನ್ಯಾಯಾಧೀಶರೊಬ್ಬರ ಕರಿ ಕೋಟು ತೊಟ್ಟೂ ಕೂತಿದ್ದಳು. "ಯಾರಿಗೆ ಎಷ್ಟು ಶಿಕ್ಷೆ ಅಂತ ಬೇಗ ಹೇಳಿ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಆವತ್ತು ಗಂಡನನ್ನು ನಗಿಸಿದ್ದಳು.

ಈಗ ಅವನ ಬಲಗೈ ನಡುಗತೊಡಗಿತ್ತು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡರೆ ಬೆಳಿಗ್ಗೆ ಎದ್ದ ಮೇಲೆ ಎರಡು ತಾಸು ಕುಂಚ ಮಾತು ಕೇಳುತ್ತಿತ್ತು, ಆಮೇಲೆ ಇಲ್ಲ. ಇನ್ನೊಂದು ಚಿತ್ರ ಆದೀತು, ಅಷ್ಟೇ. ಅಂಥ ಹೊತ್ತಿನಲ್ಲಿ ಮಗಳು ಬಂದಳು. ಹೊಸ ಮನೆಯಲ್ಲಿ ಸಾಮಾನು ಜೋಡಿಸಲು ತಾಯಿಯನ್ನು ಕರೆದೊಯ್ಯಲು ಬಂದವಳು, ಹೊರಡುವ ಮುಂಚೆ ಮೆಲ್ಲಗೆ ಅಪ್ಪನ ಕೋಣೆಗೆ ಇಣುಕಿದಳು.

"ಅಪ್ಪಾ, ಊರವರನ್ನೆಲ್ಲ ಬರೆದ್ರಿ. ನಮ್ಮನೆ ಗೋಡೆಗೆ ಅಮ್ಮನದೊಂದು ಬರ್ಕೊಡಿ."

"ನಾನೂ ಅದನ್ನೇ ಅಂದ್ಕೊಂಡಿದ್ದೆ. ಅವಳಿಗೆ ಹೇಳ್ಬೇಡ. ವಾಪಸ್ ಬರೋಷ್ಟರಲ್ಲಿ ಮುಗಿಸಿರ್ತೀನಿ."

"ಅಮ್ಮ ಎದುರಿಗೆ ಇಲ್ದೇನೇ?"

"ನಿಮ್ಮಮ್ಮನ್ನ ಬರೆಯೋಕೆ ನಂಗೆ ಕಣ್ಣು ಕೂಡ ಬೇಕಾಗಿಲ್ಲ, ಹೋಗೇ."

ಅದು ಜಂಬದ ಮಾತಾಗಿರಲಿಲ್ಲ, ನಂಬಿಕೆಯ ಮಾತು. ಮನುಷ್ಯ ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ. ಈ ಮಗಳು ಹುಟ್ಟಿದ ದಿನ ಯಾರದೋ ಗಡ್ಡ ಮುಗಿಸಿಯೇ ಆಸ್ಪತ್ರೆಯ ದಾರಿ ಹಿಡಿದವನು. ಎರಡು ಸಲ ಸಂಬಳದ ಕೆಲಸ ತಾನಾಗಿ ಬಾಗಿಲಿಗೆ ಬಂದಾಗಲೂ ಕುಂಚ ಕೆಳಗಿಡಲಿಲ್ಲ. ಎರಡು ಸಲವೂ ಹೆಂಡತಿಯೇ "ಅವರಿಗೆ ಅದು ಒಗ್ಗಲ್ಲ" ಎಂದು ಬಂದವರನ್ನು ಸಾಗಹಾಕಿದ್ದಳು.

ತಾಯಿ ಮಗಳು ಹೊರಟ ಮೇಲೆ ಬರೆಯಲು ಕೂತ. ಅವಳ ಕೈಗಳು ಎರಡೇ ದಿನಕ್ಕೆ ಬಂದವು. ತೋರುಬೆರಳಿನ ಸುಟ್ಟ ಗುರುತು, ಸಡಿಲವಾದ ಉಂಗುರ, ಎಡಕ್ಕೆ ತುಸು ವಾಲುವ ಭುಜ, ಯಾವುದಕ್ಕೂ ತಡಕಾಡಬೇಕಾಗಲಿಲ್ಲ. ಮುಖಕ್ಕೆ ಎಂಟು ದಿನ ಹಿಡಿಯಿತು. ಕಣ್ಣು ಬರೆದ, ಒರೆಸಿದ. ಮೂಗು ತಿದ್ದಿದ, ಮತ್ತೆ ತಿದ್ದಿದ. ಗಿರಾಕಿಗಳ ಮೂಗನ್ನು ಒಂದಿಷ್ಟು ನೇರ ಮಾಡಿ, ಕೆನ್ನೆಯನ್ನು ಒಂದಿಷ್ಟು ತುಂಬಿ ಕೊಟ್ಟು ಪಳಗಿದ ಕೈ ಅದು. ಕೊನೆಗೆ ಚೆಂದದ ಮುಖವೊಂದು ಬಂದು ಕೂತಿತು. ಅವನಿಗೂ ಸಮಾಧಾನವಾಯಿತು.

ಆ ಸಂಜೆ ಹೆಂಡತಿ ಮಗಳ ಮನೆಯಿಂದ ವಾಪಸ್ ಬಂದಳು. ಕೈಚೀಲ ಇಳಿಸಿ, ಚಪ್ಪಲಿ ಬಿಟ್ಟು, ಚಿತ್ರ ಕಂಡು ಹತ್ತಿರ ಹೋದಳು. ಅವನು ಹಿಂದೆ ನಿಂತ.

"ಪರವಾಗಿಲ್ವೇ, ನಾನಿಲ್ದಿದ್ರೂ ಕೈ ಮಾತ್ರ ನನ್ನವೇ ಹಾಕಿದೀರಿ" ಎಂದು ನಕ್ಕಳು. "ಲಕ್ಷಣವಾಗಿದಾರೆ. ಯಾರ್ರೀ ಇವರು?"

ಚಿತ್ರಗಾರ ಕುಂಚವನ್ನು ಬಟ್ಟೆಗೆ ಒರೆಸಿದ. "ಹೊಸಬರು" ಎಂದ.

"ಈ ಕೈ ಇಟ್ಕೊಂಡು ಆರ್ಡರ್ ಯಾಕೆ ಒಪ್ಕೊಂಡ್ರಿ? ಹೇಳೋರು ಕೇಳೋರು ಇಲ್ಲ ಅಂತಾನಾ?"

"ಇವಳೇ, ಇಲ್ಲಿ ಬಂದು ಸ್ವಲ್ಪ ಕೂತ್ಕೋ."

"ಬಂದು ಕಾಲೂ ತೊಳ್ದಿಲ್ಲ ನಾನು. ಯಾರ ಬಟ್ಟೆ ಹಾಕ್ಕೋಬೇಕು?"

"ಯಾರದೂ ಬೇಡ. ಹಾಗೇ ಕೂತ್ಕೋ. ನನ್ನ ಕಡೆ ನೋಡು."

ಅವಳು ಕೂತಳು. ಅವನು ಸ್ಟೂಲು ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ನೋಡಿದ. ಒಂದು ಕಣ್ಣು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಮೂಗು ನೇರವೇ ಅಲ್ಲ. ಎಡ ಹುಬ್ಬಿನ ನಡುವೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂದಲಿಲ್ಲ, ಹಳೆಯ ಗಾಯದ ಬಿಳಿ ಗೆರೆ.

"ಇದು ಯಾವಾಗ ಮಾಡ್ಕೊಂಡೆ?"

"ಯಾವ್ದು, ಇದಾ?" ಅವಳು ಹುಬ್ಬು ಸವರಿಕೊಂಡಳು. "ಏಳು ವರ್ಷದವಳಿದ್ದಾಗ ಉಯ್ಯಾಲೆಯಿಂದ ಬಿದ್ದಿದ್ದು. ಮದುವೆ ದಿನಾನೂ ಇತ್ತಲ್ರೀ."

ಅವನು ಹಾಳೆಯೊಂದನ್ನು ಹಲಗೆಗೆ ಸಿಕ್ಕಿಸಿ, ಕುಂಚ ಅದ್ದಿ, ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದ. ಆ ಹುಬ್ಬಿನಿಂದಲೇ ಶುರು ಮಾಡಿದ. ಗೆರೆ ಹುಬ್ಬಿನ ತುದಿಯಲ್ಲಿ ನಿಲ್ಲದೆ ಹಾಳೆಯ ಅಂಚಿನವರೆಗೆ ಓಡಿತು. ಇನ್ನೊಂದು ಹಾಳೆ. ಅದೂ ಹಾಗೇ. ಹೆಂಡತಿ ಕೈ ಅಲ್ಲಾಡಿಸದೆ, ಕಣ್ಣು ತಪ್ಪಿಸದೆ, ಕತ್ತಲಾಗುವವರೆಗೂ ಕೂತಿದ್ದಳು.

ಮಗಳ ಮನೆಯ ಗೋಡೆಗೆ ಚಿತ್ರ ಹೋಗಲಿಲ್ಲ. ಬೆಳಗಿನ ಎರಡು ತಾಸೂ ಕುಂಚ ಈಗ ಮಾತು ಕೇಳುತ್ತಿರಲಿಲ್ಲ. ಹೆಂಡತಿಯ ಮುಖವನ್ನು ಅವನು ಅಂದಿನಿಂದ ದಿನಾ ನೋಡಿದ. ಬರೆಯಲು ಮಾತ್ರ ಆಗಲಿಲ್ಲ.