ಅಕ್ಕು ತಳ್ಳಿದ ಗೇಟು

ಮೀನಿನ ಬುಟ್ಟಿ ಹೊತ್ತ ಅಕ್ಕು ಹೊಸ ಗೇಟಿನ ಮುಂದೆ ನಿಂತದ್ದೇ ತಡ, ರೇಮಂಡನ ಎದೆಬಡಿತ ಶಿರ್ವದಿಂದ ಕಾಪುವಿನ ದೀಪಸ್ತಂಭದವರೆಗೆ ಕೇಳಿಸಿತು. ಅವನೇ ವೆಲ್ಡಿಂಗ್ ಮಾಡಿದ ಗೇಟು. ಆನೆ ಗುದ್ದಿದರೆ ಆನೆಗೇ ಹೊಲಿಗೆ ಹಾಕಿಸಬೇಕು, ಅಂಥ ಕಬ್ಬಿಣ! ತಿರುಗುವಲ್ಲಿ ಮೀನುಗಾರಿಕೆ ಬೋಟಿನ ಬೇರಿಂಗ್.

"ಅಲ್ಯೂಮಿನಿಯಂ ಸಾಕು ಎಂದೆ, ನೀವು ಕೇಳಲಿಲ್ಲ. ಬುಟ್ಟಿ ಇಳಿಸದೆ ಅಕ್ಕುವಿಗೆ ತೆರೆಯಲು ಆಗದಿದ್ದರೆ ಇದು ಇವತ್ತೇ ಗುಜರಿಗೆ," ಎಂದಳು ಹೆಂಡತಿ ರೋಸಲಿನ್.

"ಗಟ್ಟಿ ಎಷ್ಟುಂಟು ನೋಡು ಮಾರಾಯ್ತಿ!" ರೇಮಂಡ್ ಗೇಟಿನ ಕೆಳಪಟ್ಟಿ ಹತ್ತಿ ಕುಣಿದ.

"ಇಳಿಯಿರಿ ಪೊರ್ಬುಗಳೇ, ಬಂಗುಡೆ ಹಾಳಾಗ್ತದೆ," ಎಂದವಳೇ ಅಕ್ಕು, ಅವನು ಇಳಿಯುವ ಮೊದಲೇ ಸೊಂಟದಿಂದ ಒಂದು ಗುದ್ದು ಕೊಟ್ಟಳು. ಗೇಟು ನೂರು ಕಿಲೋದ ರೇಮಂಡನನ್ನೂ ಹೊತ್ತು, ಸದ್ದಿಲ್ಲದೆ, ಅರ್ಧ ಅಂಗಳ ಸುತ್ತಿ ನಿಂತಿತು.

ರೋಸಲಿನ್ ಚಪ್ಪಲಿ ಕಳಚಿ ಓಡಿಬಂದಳು. "ಸ್ವಲ್ಪ ಸರಿಯಿರಿ, ನನಗೂ ಜಾಗ ಬೇಕು. ಅಕ್ಕು, ಇನ್ನೊಮ್ಮೆ ತಳ್ಳು!"