ಎರಡು ಪಾಲಿನ ಯಂತ್ರ

ಸರ್ವರಿನ ಎಡಪಾಲು ಮತ್ತೆ ಸತ್ತಿತ್ತು. ಬಲಪಾಲೂ ಸತ್ತಿತ್ತು. ಈ ವಾರದಲ್ಲಿ ಇದು ನಾಲ್ಕನೆಯ ಬೆಳಿಗ್ಗೆ.

ಗುಲ್ಬರ್ಗಾದಿಂದ ಮೊದಲ ಬಸ್ಸಿಗೆ ಆಳಂದಕ್ಕೆ ಬಂದ ಕಂಪ್ಯೂಟರ್ ಇಂಜಿನಿಯರ್ ಜಹೀರುದ್ದೀನ ಚಪ್ಪಲಿ ಬಿಟ್ಟು ಮಷಿನ್ ಕೋಣೆಗೆ ಹೋದ. ಅಣ್ಣ ಅಣ್ಣಾರಾಯ, ತಮ್ಮ ದತ್ತಾತ್ರೇಯ ಆಗಲೇ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು.

ಹೋದ ವರ್ಷ ಅವರ ಲಾರಿ ಸರ್ವಿಸ್ ಪಾಲಾದಾಗ ಅಫಜಲಪುರದ ದಾರಿಯ ಲಾರಿಗಳು ಅಣ್ಣನಿಗೆ ಹೋದವು, ಜೇವರ್ಗಿ ದಾರಿಯವು ತಮ್ಮನಿಗೆ. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಬಾರದೆಂದು ಪಂಚರ ಮುಂದೆ ಆಣೆಯೂ ಆಯಿತು. ಕಪಾಟಿನಷ್ಟು ಎತ್ತರದ ಸರ್ವರನ್ನು ಮಾತ್ರ ಕೊಯ್ಯಲು ಬರುವಂತಿರಲಿಲ್ಲ. ಜಹೀರುದ್ದೀನ ಅದನ್ನು ಒಳಗೊಳಗೇ ಎರಡು ಮಾಡಿದ. ಎಡಗಡೆಯ ನಾಲ್ಕು ಬೋರ್ಡು ಅಣ್ಣನಿಗೆ, ಬಲಗಡೆಯ ನಾಲ್ಕು ತಮ್ಮನಿಗೆ. ಇಬ್ಬರ ಮನೆಗೂ ಒಂದೊಂದು ಪರದೆ, ಒಂದೊಂದು ಕೀಲಿಮಣೆ. ಕೋಣೆಯೊಂದೇ ಇಬ್ಬರಿಗೂ ಸೇರಿ ಉಳಿಯಿತು.

"ನಡುವ ಗೋಡಿ ಅದರಿ. ಈ ಕಡಿಯವರು ಆ ಕಡಿ ಏನೂ ಮುಟ್ಟಾಕ ಬರಂಗಿಲ್ಲ" ಎಂದು ಮಾತು ಕೊಟ್ಟಿದ್ದ.

ಒಬ್ಬರ ಪಾಲನ್ನು ಇನ್ನೊಬ್ಬರು ನಿಲ್ಲಿಸುತ್ತಾರೆಂಬ ದೂರಿನಿಂದ ಆ ಮಾತಿಗೇ ಈಗ ಕುತ್ತು. ಗೋಡೆ ಸೋರುವುದು ನಿಜವಾದರೆ ನೌಕರಿ ಬಿಟ್ಟು ಮನೆಗೆ ಹೋಗು ಎಂದು ಕಂಪನಿಯ ಸಾಹೇಬರು ಹೇಳಿಯೇ ಕಳಿಸಿದ್ದರು.

"ಜಹೀರ, ಅವಗ ಹೇಳು" ಎಂದ ಅಣ್ಣಾರಾಯ, ಸೂರು ನೋಡುತ್ತ. "ದಿನಾ ನನ್ನ ಮಷಿನ್ ಬಂದ್ ಮಾಡಾಕತ್ತಾನ. ಸಣ್ಣಂವ ಇದ್ದಾಗ ನನ್ನ ಬುಗುರಿ ಒಡದಂವ."

"ಬುಗುರಿ ನಂದಿತ್ತು ಅಂತ ಹೇಳ್ರಿ ಅವರಿಗಿ. ನನ್ನ ಮಷಿನ್ ಯಾರು ಬಂದ್ ಮಾಡ್ಯಾರ ಅದನ್ನೂ ಕೇಳ್ರಿ."

"ಚಾ ಆರಾಕತ್ತದ, ಕುಡದು ಸುಳ್ಳು ಹೇಳು ಅನ್ನು."

"ಮಣಕಾಲು ಹೆಂಗದ ಕೇಳ್ರಿ. ಕಳುವಿಗಿ ಬರಾಕ ಕಾಲು ಬೇಕಲ್ಲ!"

"ಛಲೋ ಅದ ಅಂತ ಹೇಳಲೇ!"

ಜಹೀರುದ್ದೀನ ಮಷಿನ್ನಿನ ಮುಂದೆ ಕೂತ. ಎರಡೂ ಪಾಲು ಎಬ್ಬಿಸಿದ. "ಚಾಲೂ ಆತ್ರಿ" ಎಂದ. ಯಾರೂ ಏಳಲಿಲ್ಲ.

ಯಾವ ಪಾಲನ್ನು ಯಾರು, ಎಲ್ಲಿಂದ, ಯಾವಾಗ ನಿಲ್ಲಿಸಿದರೆಂಬುದನ್ನು ಸರ್ವರಿನ ಕಾವಲು ಘಟಕ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆರೆಯುವ ಗುಪ್ತಪದ ಕಂಪನಿಯಿಂದ ನಿನ್ನೆಯಷ್ಟೇ ಬಂದಿತ್ತು. ಜಹೀರುದ್ದೀನ ಅದನ್ನು ಹಾಕಿದ, ಪ್ರಿಂಟರ್ ಕಿರುಗುಟ್ಟಿತು. ಅಣ್ಣಾರಾಯ ಮೊಣಕಾಲು ಒತ್ತಿಕೊಳ್ಳುವುದನ್ನು ನಿಲ್ಲಿಸಿದ. ದತ್ತಾತ್ರೇಯ ಚಹಾದ ಬಸಿ ಕೆಳಗಿಟ್ಟ.

ಜಹೀರುದ್ದೀನ ಕಾಗದವನ್ನು ಎರಡು ಸಲ ಓದಿದ. ಇದೊಂದನ್ನು ಸಾಹೇಬರಿಗೆ ತೋರಿಸಿದರೆ ಸಾಕು, ನೌಕರಿ ಉಳಿಯುತ್ತದೆ. ಮಡಚಿ ಜೇಬಿಗೆ ಹಾಕಿಕೊಂಡ.

"ತಪ್ಪು ನಂದೇ ರೀ. ಗೋಡಿ ಸೋರ್ತದ. ರಿಪೇರಿ ಆಗಂಗಿಲ್ಲ. ದಿನಾ ಮುಂಜಾನಿ ನೀವಿಬ್ಬರೂ ಇಲ್ಲಿ ಕುಂತು ಚಾಲೂ ಮಾಡ್ಕೋಬೇಕು. ಹೆಂಗಂತ ಕಲಿಸಿ ಹೋಗ್ತೇನಿ."

"ನಾ ಹೇಳಿದ್ದಿಲ್ಲಾ?" ಎಂದು ಇಬ್ಬರೂ ಒಟ್ಟಿಗೆ ಅವನ ಮೇಲೆ ರೇಗಿದರು.

ಕಾಗದದಲ್ಲಿ ನಾಲ್ಕೂ ದಿನ ಅವೇ ಎರಡು ಸಾಲು: ಎಡಪಾಲನ್ನು ನಿಲ್ಲಿಸಿದವನು ಅಣ್ಣಾರಾಯ, ತನ್ನ ಮನೆಯಿಂದ; ಬಲಪಾಲನ್ನು ನಿಲ್ಲಿಸಿದವನು ದತ್ತಾತ್ರೇಯ, ತನ್ನ ಮನೆಯಿಂದ.