ಕಣ್ಣು ಬಿಟ್ಟ ಪ್ರಾರ್ಥನೆ

ಮೊಮ್ಮಗಳ ಬಟ್ಟೆ ತುಂಬಿದ ಬ್ಯಾಗಿನ ಜಿಪ್ ಎಳೆದು ಪ್ರಭುದಾಸರು ಎದ್ದು ನಿಂತರು. "ಹರಿಣಿ ಇವತ್ತೇ ನನ್ನ ಜೊತೆ ಭಾಂಡುಪಿಗೆ ಬರ್ತಾಳೆ. ನಿಮಗಿಬ್ಬರಿಗೆ ಇಲ್ಲೇ ಸಾಯಬೇಕು ಅಂತಿದ್ರೆ ಸಾಯಿರಿ. ಮಗು ಎಂತ ತಪ್ಪು ಮಾಡಿದೆ?"

ಮಗಳು ಜ್ಯೋತ್ಸ್ನಾ ಮೀನುಸಾರಿನ ಪಾತ್ರೆ ಇಳಿಸಿದಳು. ಅಳಿಯ ಧನರಾಜ್ ಕಿಟಕಿಯತ್ತ ನೋಡಿದ. ಗಾಜು ಒಡೆದ ಜಾಗಕ್ಕೆ ರಟ್ಟು ಅಂಟಿಸಿತ್ತು. ಮೊನ್ನೆ ಕಲ್ಲು ಬಂದು ಬಿದ್ದದ್ದು ಹರಿಣಿಯ ಹಾಸಿಗೆಯ ಮೇಲೆ. ದೇವರ ದಯೆ, ಆಗ ಅವಳು ಶಾಲೆಯಲ್ಲಿದ್ದಳು.

ಭಾಂಡುಪಿನ ಸ್ವಂತ ಫ್ಲ್ಯಾಟು ಬಿಟ್ಟು, ಪೊಲೀಸರೂ ಒಂಟಿಯಾಗಿ ಕಾಲಿಡದ ಕುರ್ಲಾದ ಈ ಗಲ್ಲಿಗೆ ಗಂಡ ಹೆಂಡತಿ ತಾವಾಗಿಯೇ ಬಂದು ವರ್ಷವಾಗಿತ್ತು. ನರ್ಸ್ ಆಗಿದ್ದ ಜ್ಯೋತ್ಸ್ನಾ ಮಾದಕದ ಚಟಕ್ಕೆ ಬಿದ್ದ ಹುಡುಗರ ಹುಣ್ಣು ತೊಳೆಯುವಳು. ಧನರಾಜ್ ಅವರನ್ನು ಒಬ್ಬೊಬ್ಬರಾಗಿ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸುವನು. ಮಾಲು ಮಾರುವ ಶಿವಪುತ್ರನ ಹೊಟ್ಟೆಯ ಮೇಲೆ ಹೊಡೆದಂತಾಗಿತ್ತು. ಕನ್ನಡ ಕ್ರೈಸ್ತ ಸಭೆಯ ಹಿರಿಯರಾದ ಪ್ರಭುದಾಸರಿಗೆ ಸೇವೆ ಅಂದರೇನು ಗೊತ್ತಿಲ್ಲವೇ? ಆದರೆ ಎಲ್ಲದಕ್ಕೂ ಒಂದು ಮಿತಿ ಬೇಡವೇ!

ಅಷ್ಟರಲ್ಲಿ ಬಾಗಿಲಿಗೆ ಶಿವಪುತ್ರನೇ ಬಂದು ನಿಂತ. ಹಗಲು ಹೊತ್ತು ಈ ಮನೆಯ ಬಾಗಿಲು ಹಾಕುವ ರೂಢಿಯೇ ಇರಲಿಲ್ಲ.

"ಧನರಾಜ್ ಭಾಯ್, ಒಂದ ಮಾತು ಹೇಳಾಕ ಬಂದೀನಿ."

"ಊಟ ಮಾಡಿ ಹೇಳು. ಕೂತ್ಕೋ."

"ನಾ ಊಟಕ್ಕ ಬಂದಿಲ್ಲ."

"ಗೊತ್ತುಂಟು. ಆದ್ರೂ ಬಡಿಸಿ ಆಯ್ತಲ್ಲ" ಎಂದು ಜ್ಯೋತ್ಸ್ನಾ ತಟ್ಟೆ ಇಟ್ಟೇಬಿಟ್ಟಳು.

ಬಡಿಸಿದ ಅನ್ನಕ್ಕೆ ಬೆನ್ನು ತೋರಿಸುವುದು ಅವನ ಊರ ಕಡೆಯ ಪದ್ಧತಿಯಲ್ಲ. ಕೂರಲು ಅಡ್ಡ ಬಂದ ಚಾಪರನ್ನು ಸೊಂಟದಿಂದ ಎಳೆದು ತಟ್ಟೆಯ ಪಕ್ಕ ಇಟ್ಟ. ಮೊಳದುದ್ದದ ಅಲಗು. ಅದರ ಆಚೆಗೇ ಊಟಕ್ಕೆ ಕೂತಿದ್ದ ಹರಿಣಿಯ ಮೊಣಕಾಲು. ಪ್ರಭುದಾಸರು ಅವಳ ಪಕ್ಕ ಬಂದು ಕೂತರು.

ಇವತ್ತು ಪ್ರಾರ್ಥನೆ ಗೀರ್ಥನೆ ಇರಲಾರದು ಎಂದು ಅವರು ಅಂದುಕೊಂಡರೆ, ಮನೆಯ ಮೂವರೂ ಕೈಮುಗಿದು ಕಣ್ಣು ಮುಚ್ಚಿಯಾಗಿತ್ತು. ಅದರಲ್ಲೂ ಹರಿಣಿಯ ಸರದಿ. ಅವಳು ಶುರು ಮಾಡಿದರೆ ಬೇಗ ಮುಗಿಸುವವಳಲ್ಲ.

"ಕರ್ತನೇ, ಊಟಕ್ಕೆ ಥ್ಯಾಂಕ್ಯೂ. ಮೀನಿಗೆ ಥ್ಯಾಂಕ್ಯೂ. ಮಮ್ಮಿಯ ಪೇಶಂಟ್ಸ್ ಸಬ್ ಠೀಕ್ ಆಗ್ಲಿ. ಕಲ್ಲು ಹೊಡೆದ ಅಂಕಲ್‌ಗೂ ಊಟ ಸಿಗ್ಲಿ..."

ಸಂಡೇ ಸ್ಕೂಲಿನಲ್ಲಿ ಪ್ರಾರ್ಥನೆಯ ನಡುವೆ ಕಣ್ಣು ಬಿಟ್ಟ ಮಕ್ಕಳ ಕಿವಿ ಹಿಂಡುವುದರಲ್ಲಿ ಪ್ರಭುದಾಸರು ಹೆಸರುವಾಸಿ. ಹರಿಣಿಯ ಕಿವಿಯನ್ನೂ ಬಿಟ್ಟಿರಲಿಲ್ಲ. ಇವತ್ತು ಅವರ ರೆಪ್ಪೆಯೇ ಮುಚ್ಚಲೊಲ್ಲದು. ಚಾಪರಿನಿಂದ ದೃಷ್ಟಿ ಕಿತ್ತು ತಲೆಯೆತ್ತಿದರೆ ಶಿವಪುತ್ರನೂ ಕಣ್ಣು ಬಿಟ್ಟೇ ಕೂತಿದ್ದ. ಮೂಗು ಸುಕ್ಕು ಮಾಡಿಕೊಂಡು ಕಣ್ಣು ಬಿಗಿದಿದ್ದ ಹುಡುಗಿಯನ್ನು, ಬಾಗಿದ ಧನರಾಜನ ಬರಿಗತ್ತನ್ನು ನಂಬಲಾರದವನಂತೆ ನೋಡುತ್ತಿದ್ದ. ಪ್ರಭುದಾಸರೂ ನೋಡಿದರು. ಜ್ಯೋತ್ಸ್ನಾಳ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ತಾವು ಎತ್ತಿ ಆಡಿಸಿದ ಮಗಳು ಇವಳೇನಾ? ಅವರ ಮೈ ಜುಮ್ಮೆಂದಿತು. ಅದು ಹೆದರಿಕೆಗೆ ಅಲ್ಲ.

ಶಿವಪುತ್ರ ತಲೆ ತಗ್ಗಿಸಿ ಉಂಡ. ಕೈತೊಳೆದು ಚಾಪರನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

"ಏನೋ ಹೇಳಬೇಕು ಅಂದಿದ್ದೆ?" ಎಂದ ಧನರಾಜ್.

"ಇನ್ನೊಮ್ಮೆ ಹೇಳ್ತೀನಿ."

ಪ್ರಭುದಾಸರು ಆಗಲೇ ಬ್ಯಾಗನ್ನು ಹೆಗಲಿಗೇರಿಸಿದ್ದರು. ಹೊಸ್ತಿಲಲ್ಲಿ ನಿಂತ ಶಿವಪುತ್ರ ಅವರತ್ತ ತಿರುಗಿ ಸಣ್ಣಗೆ ನಕ್ಕ.

"ಅಜ್ಜಾರ, ಈ ಮನ್ಯಾಗ ಶಾಣ್ಯಾರು ಅಂದ್ರ ನೀವೊಬ್ರ. ನನ್ನಂಗ ನೀವೂ ಕಣ್ಣ ತಗದ ಕುಂತಿದ್ರಿ."

ಅವನು ಗಲ್ಲಿಗೆ ಇಳಿದು ಹೋದ. ಹರಿಣಿ ಸೊಂಟಕ್ಕೆ ಕೈಯಿಟ್ಟು ಅಜ್ಜನ ಎದುರು ಬಂದು ನಿಂತಳು.

"ಅಜ್ಜ! ಪ್ರೇಯರ್‌ನಲ್ಲಿ ಕಣ್ಣು ಬಿಟ್ರಾ? ಕಿವಿ ಕೊಡಿ."

ಪ್ರಭುದಾಸರು ಅವಳ ಬ್ಯಾಗನ್ನು ಹೆಗಲಿನಿಂದ ಇಳಿಸಿ ಕೆಳಗಿಟ್ಟರು. ಆಮೇಲೆ ಅವಳ ಕೈಗೆ ಕಿವಿ ಎಟಕುವಷ್ಟು ಬಾಗಿದರು.